ಗಾಳಿಯ ಪಾಲು

ಇಂಗ್ಲಿಷ್ ಗಾದೆಗಳು ನನಗೆ ಪರಿಚಯವಾದದ್ದು ನಾಲ್ಕು ಗೆರೆಯ ಕಾಪಿ ಪುಸ್ತಕದ ಮೂಲಕ. 1971ರಲ್ಲಿ ನಾನು ಎಂಟನೆಯ ತರಗತಿಯಲ್ಲಿದ್ದೆ. ನಮ್ಮ ಇಂಗ್ಲಿಷ್ ಮೇಷ್ಟ್ರು ದಿನಕ್ಕೊಂದು ಗಾದೆಯನ್ನು ಕರಿಹಲಗೆಯ ಮೇಲೆ ದುಂಡಗೆ ಬರೆಯುತ್ತಿದ್ದರು. ನಾವು ಅದನ್ನು ಹತ್ತು ಸಲ ಬರೆದು ಮರುದಿನ ಒಪ್ಪಿಸಬೇಕು. ಅಕ್ಷರ ಗೆರೆ ದಾಟಿದರೆ ಬೆರಳ ಗೆಣ್ಣಿಗೆ ಏಟು ಬೀಳುತ್ತಿತ್ತು. ಅರ್ಥ ತಿಳಿಯದಿದ್ದರೆ ಏನೂ ಇಲ್ಲ. 'ಎ ಫ್ರೆಂಡ್ ಇನ್ ನೀಡ್ ಈಸ್ ಎ ಫ್ರೆಂಡ್ ಇನ್‌ಡೀಡ್' ಎಂಬುದನ್ನು ಬರೆದ ದಿನ ಅದರ ಪ್ರಾಸವಷ್ಟೇ ನಮಗೆ ಹಿಡಿಸಿತ್ತು. ಕಷ್ಟಕ್ಕಾದವನೇ ನೆಂಟ ಎಂದು ಮನೆಯಲ್ಲಿ ಅಜ್ಜಿ ಹೇಳುತ್ತಿದ್ದುದೂ ಅದೇ ಮಾತು ಎಂದು ಹೊಳೆಯಲು ಬಹಳ ವರ್ಷಗಳು ಬೇಕಾದವು.

ನಮ್ಮದು ಕೊಯಮತ್ತೂರಿನಿಂದ ಪೊಳ್ಳಾಚಿಗೆ ಹೋಗುವ ಸೀಮೆಯ ಒಂದು ನೇಯ್ಗೆಯ ಊರು. ನಮ್ಮ ಬೀದಿ ದೇವಾಂಗರ ಬೀದಿ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ನಮ್ಮ ಕನ್ನಡಕ್ಕೆ ಬಾಯಿ ಇತ್ತು, ಅಕ್ಷರವಿರಲಿಲ್ಲ. 1956ರ ತನಕ ಕೊಳ್ಳೇಗಾಲವೂ ಕೊಯಮತ್ತೂರು ಜಿಲ್ಲೆಯ ಒಂದು ತಾಲೂಕಾಗಿತ್ತು. ಆ ವರ್ಷದ ನವೆಂಬರ್ 1ರಂದು ಅದು ಮೈಸೂರು ರಾಜ್ಯಕ್ಕೆ ಸೇರಿತು. ಅದೇ ದಿನ ನಿಮ್ಮ ಕಾಸರಗೋಡು ಕೇರಳಕ್ಕೆ ಸೇರಿತು. ಅವರು ಅತ್ತ ಹೋದರು, ನೀವು ಇತ್ತ ಬಂದಿರಿ, ನಾವು ಇದ್ದಲ್ಲೇ ಇದ್ದೆವು. ನಾನು ಕನ್ನಡ ಅಕ್ಷರ ತಿದ್ದಿದ್ದು 1984ರಲ್ಲಿ, ಕೊಯಮತ್ತೂರಿನ ಒಂದು ಲಾಡ್ಜಿನಲ್ಲಿ ಒಂದೇ ಕೋಣೆಯಲ್ಲಿದ್ದ ಕಾಸರಗೋಡಿನ ಗೆಳೆಯನಿಂದ. ಇಪ್ಪತ್ತಾರು ವರ್ಷದವನಿಗೆ ಅವನು ಸ್ಲೇಟು ತಂದುಕೊಟ್ಟ. ಈ ವಾರ್ಷಿಕಕ್ಕೆ ಬರೆಯೆಂದು ಬೆನ್ನುಹತ್ತಿದವನೂ ಅವನೇ. ನಂಬಿಕೆಯ ವಿಷಯವಾಗಿ ಬರೆಯುತ್ತೇನೆಂದು ಒಪ್ಪಿಕೊಂಡೆ. ಒಪ್ಪಿದ ಮೇಲೆ, ನಾನು ಕೆಡಿಸಿದ ಒಂದು ನಂಬಿಕೆಯನ್ನು ಬಿಟ್ಟು ಬೇರೆ ಯಾವುದನ್ನೂ ಬರೆಯಲಾಗಲಿಲ್ಲ.

ಅಪ್ಪ ಸಣ್ಣ ಪ್ರಮಾಣದಲ್ಲಿ ನೂಲು ಕೊಟ್ಟು ಸೀರೆ ನೇಯಿಸುತ್ತಿದ್ದರು. ಹತ್ತು ಹನ್ನೆರಡು ಮಗ್ಗಗಳು, ಎಲ್ಲವೂ ಅವರವರ ಮನೆಯಲ್ಲಿದ್ದವು. ಗಂಜಿ ಹಾಕಿ ಒಣಗಿಸಿದ ಹಾಸನ್ನೂ ಹೊಕ್ಕಿಗೆ ಬೇಕಾದ ನೂಲನ್ನೂ ಅಪ್ಪ ಕೊಡುವುದು, ನೇಕಾರರು ಸೀರೆ ನೇಯ್ದು ತಂದೊಪ್ಪಿಸಿ ಕೂಲಿ ಪಡೆಯುವುದು. ನೂಲು ಕೊಟ್ಟ ಮೇಲೆ ಎರಡು ಮೂರು ತಿಂಗಳು ಅಪ್ಪನ ಬಂಡವಾಳವೆಲ್ಲ ಇನ್ನೊಬ್ಬರ ಗುಂಡಿ ಮಗ್ಗದ ಮೇಲೆ ಇರುತ್ತಿತ್ತು. ಬಡ್ಡಿಗೆ ತಂದ ದುಡ್ಡದು. ಒಬ್ಬ ನೇಕಾರ ಹೊಕ್ಕನ್ನು ಸ್ವಲ್ಪ ತೆಳುವಾಗಿ ನೇಯ್ದು ನೂಲು ಉಳಿಸಿ ಮಾರಿಕೊಂಡರೆ ಕಂಡುಹಿಡಿಯುವುದು ಸುಲಭವಲ್ಲ. ಆದ್ದರಿಂದ ಎಲ್ಲ ಕಡೆಯಲ್ಲೂ ತಕ್ಕಡಿ ಇತ್ತು: ಕೊಡುವಾಗ ತೂಕ, ಕೊಂಡುಬರುವಾಗ ತೂಕ. ಹೊಳೆಗೆ ಸುರಿದರೂ ಅಳೆದು ಸುರಿ ಎಂಬ ಗಾದೆ ಕನ್ನಡದಲ್ಲೂ ಇದೆ, ತಮಿಳಿನಲ್ಲೂ ಇದೆ.

ಅಪ್ಪ ತೂಗದೆ ನೂಲು ಕೊಡುತ್ತಿದ್ದುದು ಒಬ್ಬರಿಗೆ ಮಾತ್ರ. ಅವರು ನೆಂಟರಲ್ಲ, ಎದುರು ಸಾಲಿನ ಮನೆಯವರು. ಆದರೆ ಅಪ್ಪ ಅವರನ್ನು ಬಾವ ಎಂದು ಕರೆಯುತ್ತಿದ್ದರು, ನಮಗೆ ಅವರು ಮಾವ, ಅವರಿಗೆ ನಾನು ಅಳಿಯ. ಇಬ್ಬರೂ ಒಂದೇ ಮಗ್ಗದ ಗುಂಡಿಯಲ್ಲಿ ಸರದಿಯಂತೆ ಕೂತು ನೇಯ್ಗೆ ಕಲಿತವರು. ಚೌಡೇಶ್ವರಿಯ ಹಬ್ಬದಲ್ಲಿ ನಮ್ಮ ಗಂಡಸರು ಸಾಲಾಗಿ ನಿಂತು, ಕತ್ತಿ ಹಿಡಿದು ಎದೆಗೆ ಹಾಕಿಕೊಳ್ಳುತ್ತಾ ಮೆರವಣಿಗೆಯಲ್ಲಿ ಹೋಗುವ ಪದ್ಧತಿಯುಂಟು. ಮೊಳದಷ್ಟು ದೂರದಲ್ಲಿ ಪಕ್ಕದವನ ಕತ್ತಿ ಬೀಸುತ್ತಿರುತ್ತದೆ. ಅಪ್ಪನ ಬಲಗಡೆ ಯಾವಾಗಲೂ ಮಾವನೇ ಇರುತ್ತಿದ್ದರು.

ಆ ವರ್ಷದ ಐಪ್ಪಸಿ ಮಳೆಯ ಕಾಲದಲ್ಲಿ, ಎಂದರೆ ನೀವು ತುಲಾವರ್ಷವೆನ್ನುವ ದಿನಗಳಲ್ಲಿ, ಮೇಷ್ಟ್ರು ಒಂದು ಹೊಸ ಗಾದೆ ಬರೆದರು: 'ಶಾರ್ಟ್ ರೆಕನಿಂಗ್ಸ್ ಮೇಕ್ ಲಾಂಗ್ ಫ್ರೆಂಡ್ಸ್.' ಆವತ್ತು ಏನನ್ನಿಸಿತೋ, ಅರ್ಥವನ್ನೂ ಹೇಳಿದರು. ಲೆಕ್ಕವನ್ನು ಬೆಳೆಯಲು ಬಿಡದೆ ಆಗಾಗ ಚುಕ್ತಾ ಮಾಡಿಕೊಂಡರೆ ಸ್ನೇಹ ಬಹುಕಾಲ ಬಾಳುತ್ತದೆ ಎಂದು. ನಾನು ಲೆಕ್ಕದಲ್ಲಿ ತರಗತಿಗೆ ಮೊದಲಿಗ. ಮನೆಗೆ ಬಂದು ಅಪ್ಪನಿಗೆ ಗಾದೆ ಒಪ್ಪಿಸಿದೆ. ಅಪ್ಪ ನಕ್ಕು, "ಬಾವನ ಹತ್ತಿರ ಎಂಥ ಲೆಕ್ಕ?" ಎಂದರು.

ಇಂಗ್ಲಿಷಿನವರ ಮಾತು ಸುಳ್ಳಾದೀತೇ! ಮಾವನಿಗೆ ಕೊಡಬೇಕಾಗಿದ್ದ ಹಾಸನ್ನೂ ಹೊಕ್ಕಿನ ನೂಲನ್ನೂ ಅಪ್ಪ ಇಲ್ಲದ ಹೊತ್ತಿನಲ್ಲಿ ತಕ್ಕಡಿಗೆ ಏರಿಸಿದೆ. ಹದಿನೆಂಟೂವರೆ ಕಿಲೋ. ಕಾಪಿ ಪುಸ್ತಕದ ಕೊನೆಯ ಹಾಳೆಯಲ್ಲಿ, ನಾಲ್ಕು ಗೆರೆಗಳ ನಡುವೆ, ತಾರೀಕು ಹಾಕಿ ಬರೆದಿಟ್ಟೆ.

ಮಾವ ಸೀರೆಗಳನ್ನು ಹೊತ್ತು ತಂದದ್ದು ಪಂಗುನಿಯ ಒಂದು ಸಂಜೆ. ಜಗಲಿಯಲ್ಲಿ ಬೇರೆ ಮೂವರು ನೇಕಾರರು ಕೂಲಿಗಾಗಿ ಕೂತಿದ್ದರು. ಅಪ್ಪ ಮಡಿಕೆ ಎಣಿಸಿ ಒಳಗಿಡಲು ಹೇಳಿದರು. ನಾನು ಒಳಗಿಡದೆ, ಸೀರೆಗಳನ್ನೂ ಉಳಿದ ನೂಲನ್ನೂ ತುಂಡು ಎಳೆಗಳನ್ನೂ ಸೇರಿಸಿ ತೂಗಿದೆ. ಹದಿನೇಳು ಮುಕ್ಕಾಲು ಬಂತು. ಜಗಲಿಗೆ ಬಂದು ಪುಸ್ತಕ ತೆರೆದು ಎಲ್ಲರಿಗೂ ಕೇಳುವಂತೆ ಓದಿದೆ: "ಕೊಟ್ಟದ್ದು ಹದಿನೆಂಟೂವರೆ. ಬಂದದ್ದು ಹದಿನೇಳು ಮುಕ್ಕಾಲು. ಮುಕ್ಕಾಲು ಕಿಲೋ ಕಡಿಮೆ."

ಮಾವ ಮೊದಲು ನಕ್ಕರು. "ಅದು ಮಳೆಯಲ್ಲಿ ಕೊಟ್ಟ ನೂಲು, ಅಳಿಯ. ಬಿಸಿಲಿಗೆ ಇಳಿದಿರುತ್ತದೆ. ಗಾಳಿಗೂ ಒಂದು ಪಾಲು ಬೇಡವೇ?"

"ಗಾಳಿ ಸೀರೆ ಉಡುತ್ತದೆಯೇ ಮಾವ?" ಎಂದೆ ನಾನು.

ಕೂತಿದ್ದ ಮೂವರೂ ಗೊಳ್ಳೆಂದು ನಕ್ಕರು. ಮಾವ ಅಪ್ಪನ ಕಡೆಗೆ ನೋಡಿದರು. ಅಪ್ಪ ನೆಲ ನೋಡುತ್ತಿದ್ದರು. "ಮುಚ್ಚೋ ಬಾಯಿ" ಎಂದು ನನಗೊಂದು ಏಟು ಕೊಟ್ಟಿದ್ದರೆ ಆ ಸಂಜೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಉಳಿದ ಮೂವರಿಗೂ ತೂಗಿಯೇ ಕೊಡುತ್ತಿದ್ದ ಅಪ್ಪ ಅವರೆದುರು ಏನು ಹೇಳಬೇಕೆಂದು ತಿಳಿಯದೆ ಕೂತರು. ಎಷ್ಟು ಹೊತ್ತು ಕೂತರೋ ಗೊತ್ತಿಲ್ಲ. ನಾಲ್ಕು ಸಲ ಲಾಳಿ ಎಸೆಯುವಷ್ಟು ಹೊತ್ತಿರಬಹುದು. ಅಷ್ಟು ಸಾಕಾಯಿತು.

ಮರುದಿನ ಬೆಳಿಗ್ಗೆ ಜಗಲಿಯ ಮೇಲೆ ಒಂದು ಕಾಗದದ ಪೊಟ್ಟಣವಿತ್ತು. ಒಳಗೆ ಒಂಬತ್ತು ರೂಪಾಯಿ, ಮುಕ್ಕಾಲು ಕಿಲೋ ನೂಲಿನ ಬೆಲೆ. ಮಾವ ಮತ್ತೆ ನಮ್ಮ ಮನೆಯ ನೂಲು ನೇಯಲಿಲ್ಲ. ಮುಂದಿನ ಹಬ್ಬದಲ್ಲಿ ಅವರು ಸಾಲಿನ ಆಚೆಯ ತುದಿಯಲ್ಲಿ ನಿಂತಿದ್ದರು. ಎರಡು ವರ್ಷ ಕಳೆಯುವಷ್ಟರಲ್ಲಿ ಮಗ್ಗ ಮಾರಿ, ಬನಿಯನ್ ಕಂಪನಿಯ ಕೆಲಸಕ್ಕೆಂದು ತಿರುಪ್ಪೂರಿಗೆ ಹೋದರು. ಆ ಕಾಲದಲ್ಲಿ ಎಷ್ಟೋ ನೇಕಾರರು ಹಾಗೆ ಹೋದರು, ಬಡತನದಿಂದ. ಆದ್ದರಿಂದ ಇವರೂ ಅದಕ್ಕೇ ಹೋದರೆಂದು ಬೀದಿಯವರು ತಿಳಿದರು. ನಮ್ಮ ಮನೆಯಲ್ಲಿ ಯಾರೂ ಹಾಗೆ ತಿಳಿಯಲಿಲ್ಲ. ಅಪ್ಪ 1981ರಲ್ಲಿ ತೀರಿಕೊಂಡಾಗ ಅವರ ತಗಡಿನ ಪೆಟ್ಟಿಗೆಯಲ್ಲಿ ಆ ಪೊಟ್ಟಣ ಹಾಗೆಯೇ ಇತ್ತು, ಬಿಚ್ಚಿ ಮತ್ತೆ ಮಡಿಚಿದ ಗುರುತಿನೊಂದಿಗೆ.

ಅಷ್ಟಾದರೂ ನಾನು ಕಳ್ಳನನ್ನು ಹಿಡಿದವನೆಂದೇ ಒಳಗೊಳಗೆ ತಿಳಿದಿದ್ದೆ. ಬೇಸರವಿತ್ತು, ಅನುಮಾನವಿರಲಿಲ್ಲ, ಅಂಕಿ ಸುಳ್ಳು ಹೇಳುವುದಿಲ್ಲವಲ್ಲ. 1986ರಲ್ಲಿ ನಾನು ಕೆಲಸಕ್ಕಿದ್ದ ಕಡೆಯಿಂದ ಕೊಯಮತ್ತೂರಿನ ದಕ್ಷಿಣ ಭಾರತ ಜವಳಿ ಸಂಶೋಧನಾ ಸಂಘಕ್ಕೆ, ಎಲ್ಲರೂ ಸಿಟ್ರಾ ಎನ್ನುವ ಸಂಸ್ಥೆಗೆ, ಕೆಲವು ದಿನದ ತರಬೇತಿಗೆ ಕಳಿಸಿದರು. ಅದು ಹುಟ್ಟಿದ್ದೂ 1956ರಲ್ಲೇ. ಅಲ್ಲಿ ಒಬ್ಬರು ಹಲಗೆಯ ಮೇಲೆ ಇಂಗ್ಲಿಷಿನಲ್ಲಿ ಬರೆದರು: ಹತ್ತಿಯ ನೂಲಿನ ತೇವ ನೂರಕ್ಕೆ ಎಂಟೂವರೆ. ಪೂರ್ತಿ ಒಣಗಿಸಿದ ನೂರು ಗ್ರಾಂ ಹತ್ತಿಯನ್ನು ಹದವಾದ ಗಾಳಿಯಲ್ಲಿಟ್ಟರೆ ಅದು ಎಂಟೂವರೆ ಗ್ರಾಂ ನೀರನ್ನು ತಾನೇ ಹೀರಿಕೊಳ್ಳುತ್ತದೆ. ಮಳೆಗಾಲದಲ್ಲಿ ಹತ್ತನ್ನೂ ದಾಟುತ್ತದೆ, ಒಣಹವೆಯಲ್ಲಿ ಆರಕ್ಕೆ ಇಳಿಯುತ್ತದೆ. ಹಾಸಿನ ಗಂಜಿಯೂ ನೇಯುವಾಗ ಪುಡಿಯಾಗಿ ಉದುರುತ್ತದೆ. ಆದ್ದರಿಂದ ತೂಕದ ಜೊತೆಗೆ ಗಾಳಿಯ ತೇವವನ್ನೂ ಬರೆದಿಡದಿದ್ದರೆ ಆ ತೂಕಕ್ಕೆ ಅರ್ಥವಿಲ್ಲ.

ನಾನು ಪುಸ್ತಕದ ಅಂಚಿನಲ್ಲಿ ಲೆಕ್ಕ ಹಾಕಿದೆ. ಹದಿನೆಂಟೂವರೆ ಕಿಲೋ, ಐಪ್ಪಸಿಯ ತೇವ, ಪಂಗುನಿಯ ಒಣಗಾಳಿ. ಉತ್ತರ ಮುಕ್ಕಾಲು ಕಿಲೋ ಬಂತು.

ಅದಕ್ಕಿಂತ ಹೆಚ್ಚಾಗಿ ಚುಚ್ಚಿದ್ದು ಬೇರೊಂದು. ಹಲಗೆಯ ಮೇಲಿದ್ದ ಮಾತನ್ನು ನಾನು ಕೂಡಲೇ ನಂಬಿದೆ. ಸೀಮೆಸುಣ್ಣದಲ್ಲಿ ಇಂಗ್ಲಿಷಿನಲ್ಲಿ ಬರೆದದ್ದು ವಿಜ್ಞಾನವಾಯಿತು. ಅದನ್ನೇ ಹದಿನೈದು ವರ್ಷಗಳ ಹಿಂದೆ ನಮ್ಮ ಜಗಲಿಯಲ್ಲಿ ಒಬ್ಬ ನೇಕಾರ ನಮ್ಮ ಮನೆಮಾತಿನಲ್ಲಿ ಹೇಳಿದಾಗ ಅದು ನೆಪವಾಗಿತ್ತು. ನಂಬಿಕೆಯ ಮೇಲೆ ಹತ್ತು ಸಲ ಗಾದೆ ಬರೆದ ಕೈ ಯಾರ ಮಾತನ್ನು ನಂಬಬೇಕೆಂಬುದನ್ನು ಕಲಿತಿರಲಿಲ್ಲ.

ಲಾಡ್ಜಿನ ಕೋಣೆಯಲ್ಲಿ ಇದನ್ನು ಗೆಳೆಯನಿಗೆ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಚಙ್ಙಾದಿ ನನ್ನೆಂಗಿಲ್ ಕಣ್ಣಾಡಿ ವೇಂಡ" ಎಂದ. ಗೆಳೆಯ ಒಳ್ಳೆಯವನಾದರೆ ಕನ್ನಡಿ ಬೇಡ ಎಂಬ ಮಲಯಾಳದ ಗಾದೆ. "ನಿನಗೆ ಕನ್ನಡಿಯಾಗಿ ಹೇಳುತ್ತೇನೆ, ಹೋಗಿ ಅವರನ್ನು ನೋಡು" ಎಂದ. ಆದರೂ ನಾನು ಹೋದದ್ದು ಒಂದು ವರ್ಷ ತಡವಾಗಿ, ಕೆಲಸ ತಿರುಪ್ಪೂರಿಗೆ ಬದಲಾದ ಮೇಲೆ.

ಆ ಒಂದು ವರ್ಷದಲ್ಲಿ ತಿರುಪ್ಪೂರು ನನಗೆ ಬೇರೊಂದು ಪಾಠ ಹೇಳಿತು. 2009ರಲ್ಲಿ ಅದು ಬೇರೆ ಜಿಲ್ಲೆಯಾಯಿತು; ಆಗ ಇನ್ನೂ ಕೊಯಮತ್ತೂರು ಜಿಲ್ಲೆಯೊಳಗೇ ಇತ್ತು. ಅಲ್ಲಿ ಒಂದು ಬನಿಯನ್ ಒಂದೇ ಸೂರಿನ ಕೆಳಗೆ ಹುಟ್ಟುವುದಿಲ್ಲ. ನೂಲು ಒಬ್ಬರದು, ಹೆಣೆಯುವವರು ಇನ್ನೊಬ್ಬರು. ಬಣ್ಣ ಹಾಕುವುದು ಮತ್ತೊಂದು ಕಡೆ, ಅಚ್ಚು ಒತ್ತುವುದು ಇನ್ನೊಂದು ಕಡೆ, ಹೊಲಿಯುವುದು ಬೇರೆಲ್ಲೋ. ಬಟ್ಟೆ ಕಿಲೋ ಲೆಕ್ಕದಲ್ಲಿ ಒಂದು ಚೀಟಿಯ ಮೇಲೆ ಊರೆಲ್ಲ ಸುತ್ತುತ್ತದೆ. ದುಡ್ಡು ಬರುವುದು ಎರಡು ಮೂರು ತಿಂಗಳ ಮೇಲೆ. ಆದರೆ ಪ್ರತಿ ಕೆಲಸಕ್ಕೂ ಮೊದಲೇ ಒಂದು ಮಾತಾಗಿರುತ್ತದೆ: ಈ ಹಂತದಲ್ಲಿ ನೂರಕ್ಕೆ ಇಷ್ಟು ಇಳಿಯುತ್ತದೆ, ಅದನ್ನು ಕೇಳುವ ಹಾಗಿಲ್ಲ. ಪ್ರಾಸೆಸ್ ಲಾಸ್ ಎನ್ನುತ್ತಾರೆ. ನಾನು ಅದನ್ನು ಮೊದಲ ಸಲ ಬಿಲ್ಲಿನಲ್ಲಿ ಕಂಡಾಗ ಮಾವನ ಮಾತು ನೆನಪಾಯಿತು. ಗಾಳಿಯ ಪಾಲನ್ನು ಒಂದು ಪಟ್ಟಣವೇ ಲೆಕ್ಕದಲ್ಲಿ ಬರೆದುಕೊಂಡಿತ್ತು.

ಮಾವ ಒಂದು ಹೆಣಿಗೆ ಘಟಕದಲ್ಲಿ ಕಾವಲಿಗಿದ್ದರು. ಕೂದಲು ಬೆಳ್ಳಗಾಗಿತ್ತು. ನನ್ನ ಗುರುತು ಹತ್ತಿದ ಮೇಲೂ "ಬನ್ನಿ, ಕೂತುಕೊಳ್ಳಿ" ಎಂದು ಬಹುವಚನದಲ್ಲೇ ಮಾತನಾಡಿಸಿದರು. ನಾನು ಸಿಟ್ರಾದ ಲೆಕ್ಕವನ್ನೆಲ್ಲ ವಿವರಿಸಿದೆ. ನೂರಕ್ಕೆ ಎಂಟೂವರೆ, ಮಳೆಗಾಲ, ಒಣಹವೆ. ಅವರು ತಾಳ್ಮೆಯಿಂದ ಕೇಳಿ, "ಇದನ್ನು ಆವತ್ತೇ ಹೇಳಿದ್ದೆನಲ್ಲ" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

"ತೂಗಿದ್ದು ತಪ್ಪಾಯಿತು ಮಾವ" ಎಂದೆ.

"ತೂಗಿದ್ದು ತಪ್ಪಲ್ಲ. ನೂಲಿನ ಕಸುಬಿನಲ್ಲಿ ತೂಗಲೇಬೇಕು. ನಿಮ್ಮಪ್ಪನಿಗೆ ನಾನೇ ಎಷ್ಟೋ ಸಲ ಹೇಳಿದ್ದೆ, ತೂಗಿ ಕೊಡು ಬಾವ ಎಂದು. ಆದರೆ ನನ್ನನ್ನು ಕರೆದು ತೂಗಬೇಕಾಗಿತ್ತು."

ಪೊಟ್ಟಣವನ್ನು ಅವರ ಮುಂದಿಟ್ಟೆ. ಬಿಚ್ಚಿ ನೋಡಿದರು. "ಮುಟ್ಟಲೇ ಇಲ್ಲವೇ ಬಾವ?" ಎಂದು ಕೇಳಿದರು. ಇಲ್ಲವೆಂದೆ. ಹದಿನೈದು ವರ್ಷ ಮಡಿಕೆಯಲ್ಲಿದ್ದ ಆ ನೋಟುಗಳನ್ನು ಒಂದೊಂದಾಗಿ ಎಣಿಸಿದರು, ಒಂಬತ್ತು. ಜೇಬಿಗೆ ಹಾಕಿಕೊಂಡು, "ಸರಿಯಾಗಿದೆ ಅಳಿಯ" ಎಂದರು. ಆಮೇಲೆ ಇಬ್ಬರೂ ಚಹಾ ಕುಡಿದೆವು.

ಈಗ ಅವರಿಲ್ಲ. ನಾನೂ ಕೆಲಸದಿಂದ ನಿವೃತ್ತನಾಗಿದ್ದೇನೆ. ಆ ಕಾಪಿ ಪುಸ್ತಕದ ಗಾದೆಗಳನ್ನು ಆಗಾಗ ನೆನೆಯುತ್ತೇನೆ. ನಂಬಿಕೆಯ ಬಗ್ಗೆ ಇಂಗ್ಲಿಷಿನಲ್ಲಿರುವ ಗಾದೆಗಳಲ್ಲಿ ಬಹಳಷ್ಟು ಎಚ್ಚರಿಕೆಯ ಮಾತುಗಳೇ. 'ಒನ್ಸ್ ಬಿಟನ್, ಟ್ವೈಸ್ ಶೈ' ಎನ್ನುತ್ತಾರೆ, ಒಮ್ಮೆ ಕಚ್ಚಿಸಿಕೊಂಡವನಿಗೆ ಎರಡು ಪಟ್ಟು ಅಂಜಿಕೆ ಎಂದು. ಕಚ್ಚಿದ್ದು ಯಾವುದೆಂದು ಅವರು ಹೇಳುವುದಿಲ್ಲ. ನಮ್ಮ ಕಡೆ ಅದಕ್ಕೆ ಬೆಕ್ಕೇ ಬೇಕು. ಬಿಸಿನೀರಿಗೆ ಬಿದ್ದ ಬೆಕ್ಕು ತಣ್ಣೀರಿಗೂ ಹೆದರುತ್ತದೆ ಎಂದು ಮಲಯಾಳಿಗಳು ಹೇಳುತ್ತಾರೆ; ಸುಟ್ಟುಕೊಂಡ ಬೆಕ್ಕು ಒಲೆಯ ಹತ್ತಿರ ಸುಳಿಯದು ಎಂದು ತಮಿಳರು; ನಮ್ಮಲ್ಲಿ ತೆನಾಲಿ ರಾಮಕೃಷ್ಣನ ಬೆಕ್ಕು ಹಾಲು ಕಂಡರೆ ಓಡುತ್ತದೆ. ಬಹುಶಃ ಒಂದೇ ಬೆಕ್ಕು ಗಡಿ ದಾಟಿ ಮೂರು ಮನೆಗಳಲ್ಲಿ ಬೆಳೆದಿದೆ. ಇನ್ನು 'ನಂಬು, ಆದರೆ ಪರೀಕ್ಷಿಸು' ಎಂಬ ಮಾತು ಇಂಗ್ಲಿಷಿನದೆಂದೇ ಎಲ್ಲರೂ ತಿಳಿದಿದ್ದಾರೆ. ಅದು ರಷ್ಯದ ಗಾದೆ. 1987ರ ಡಿಸೆಂಬರಿನಲ್ಲಿ ಕ್ಷಿಪಣಿ ಒಪ್ಪಂದಕ್ಕೆ ಸಹಿ ಹಾಕುವಾಗ ಅಮೆರಿಕದ ಅಧ್ಯಕ್ಷ ರೇಗನ್ ಅದನ್ನು ರಷ್ಯನ್ ಭಾಷೆಯಲ್ಲೇ ಹೇಳಿದರು. ಪ್ರತಿ ಭೇಟಿಯಲ್ಲೂ ಇದನ್ನೇ ಹೇಳುತ್ತೀರಿ ಎಂದು ಪಕ್ಕದಲ್ಲಿದ್ದ ಗೊರ್ಬಚೇವ್ ನಕ್ಕರು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮಲ್ಲೂ ಇದೆ. ಆದರೆ ಆ ಒಪ್ಪಂದದಲ್ಲಿ ಒಂದು ವಿಶೇಷವಿತ್ತು: ಎರಡೂ ಕಡೆಯವರು ಒಬ್ಬರ ನೆಲೆಗೆ ಇನ್ನೊಬ್ಬರನ್ನು ಕರೆದು ತೋರಿಸಬೇಕಾಗಿತ್ತು. ಕರೆದು ತೂಗುವುದೆಂದರೆ ಅದೇ.

ಕರೆಯದೆ ತೂಗಿದರೆ ಏನಾಗುತ್ತದೆಂಬುದನ್ನು ತಿರುಪ್ಪೂರು ಇನ್ನೊಂದು ರೀತಿಯಲ್ಲೂ ಕಂಡಿತು. ಹತ್ತು ಕಡೆ ಕೈ ಬದಲಾಯಿಸುವ ಬಟ್ಟೆಯ ಲೆಕ್ಕ ಗ್ರಾಂ ತನಕ ಸರಿಯಿತ್ತು. ಬಣ್ಣದ ನೀರು ಸೇರುತ್ತಿದ್ದ ನೊಯ್ಯಲ್ ಹೊಳೆಯ ಕೆಳಗಿನ ರೈತರನ್ನು ಆ ಲೆಕ್ಕಕ್ಕೆ ಯಾರೂ ಕರೆಯಲಿಲ್ಲ. ಒರತ್ತುಪ್ಪಾಳೆಯದ ಅಣೆಕಟ್ಟಿನಲ್ಲಿ ನಿಂತ ನೀರು ಬೇಸಾಯಕ್ಕೆ ಬಾರದಂತಾಯಿತು. ರೈತರು ನ್ಯಾಯಾಲಯಕ್ಕೆ ಹೋದರು. 2011ರ ಜನವರಿಯ ಕೊನೆಯಲ್ಲಿ ಮದ್ರಾಸ್ ಹೈಕೋರ್ಟು ಬಣ್ಣದ ಘಟಕಗಳನ್ನು ಮುಚ್ಚಿಸಿತು, ಊರಿಗೆ ಊರೇ ಸ್ತಬ್ಧವಾಯಿತು. ಬಾಕಿಯಾಗಿ ಬೆಳೆಯಲು ಬಿಟ್ಟ ಲೆಕ್ಕ ಒಂದು ದಿನ ಬಡ್ಡಿಸಹಿತ ಮನೆಗೆ ಬರುತ್ತದೆ.

ಸಾಲಕ್ಕೆ ಇಂಗ್ಲಿಷಿನಲ್ಲಿ ಕ್ರೆಡಿಟ್ ಎನ್ನುತ್ತಾರೆ; ಅದರ ಮೂಲ ನಂಬುವುದು ಎಂಬರ್ಥದ ಲ್ಯಾಟಿನ್ ಮಾತು. ನಾವು ಕನ್ನಡದಲ್ಲಿ ವಿಶ್ವಾಸ ಎಂದರೆ ನಂಬಿಕೆಯೂ ಹೌದು, ಪ್ರೀತಿಯೂ ಹೌದು. ಅಪ್ಪನಲ್ಲಿ ಪ್ರೀತಿಯಿತ್ತು, ಲೆಕ್ಕವಿರಲಿಲ್ಲ. ನನ್ನಲ್ಲಿ ಲೆಕ್ಕವಿತ್ತು, ಪ್ರೀತಿಯಿರಲಿಲ್ಲ. ಮೇಷ್ಟ್ರು ಬರೆಸಿದ ಗಾದೆ ಸುಳ್ಳಲ್ಲ; ಲೆಕ್ಕ ಚುಕ್ತಾ ಇದ್ದರೆ ಸ್ನೇಹ ಬಾಳುತ್ತದೆ. ಆದರೆ ಆ ಲೆಕ್ಕಕ್ಕೆ ಇಬ್ಬರೂ ತಕ್ಕಡಿಯ ಹತ್ತಿರ ನಿಂತಿರಬೇಕು, ಗಾಳಿಯ ಪಾಲನ್ನು ಮೊದಲೇ ಬಿಟ್ಟಿರಬೇಕು. ಅಣ್ಣತಮ್ಮಂದಿರ ನಡುವೆ, ಗಂಡಹೆಂಡಿರ ನಡುವೆ, ಒಂದೇ ಬೀದಿಯಲ್ಲಿ ಎರಡು ಮಾತು ಆಡುವ ನೆರೆಹೊರೆಯವರ ನಡುವೆ, ಕೊಟ್ಟದ್ದೆಲ್ಲ ಅಷ್ಟೇ ತೂಕಕ್ಕೆ ತಿರುಗಿ ಬರುವುದಿಲ್ಲ. ಬಾರದ ಆ ಮುಕ್ಕಾಲು ಕಿಲೋವನ್ನು ಯಾರೂ ಕದ್ದಿರಬೇಕೆಂದಿಲ್ಲ.

ಮೊಮ್ಮಗಳು ಇಂಗ್ಲಿಷ್ ಶಾಲೆಗೆ ಹೋಗುತ್ತಾಳೆ. ಅವಳಿಗೆ ಕನ್ನಡ ಅಕ್ಷರವನ್ನು ನಾನೇ ತಿದ್ದಿಸುತ್ತಿದ್ದೇನೆ, ಗೆಳೆಯ ಕೊಟ್ಟ ಅದೇ ಸ್ಲೇಟಿನಲ್ಲಿ. ಅವಳು ಮೊನ್ನೆ, "ತಾತ, ನಾವಿಬ್ಬರೂ ಒಂದೊಂದು ಗಾದೆ ಬರೆಯೋಣ" ಎಂದಳು. ತಾನು ಇಂಗ್ಲಿಷಿನದೊಂದು ಬರೆದಳು. ನಾನು ಬರೆದೆ: ಹೊಳೆಗೆ ಸುರಿದರೂ ಅಳೆದು ಸುರಿ. ಕೆಳಗೆ ಇನ್ನೊಂದು ಸಾಲು ಸೇರಿಸಿದೆ. ಅದು ಯಾವ ಗಾದೆ ಪುಸ್ತಕದಲ್ಲೂ ಇಲ್ಲ. ಅಳೆಯುವಾಗ ಹೊಳೆಯನ್ನೂ ಕರೆ.